ಕೋಡಿ ಬೀಳದ ವರ್ಷಗಳ ಲೆಕ್ಕ

2022ರ ಸೆಪ್ಟೆಂಬರಿನಲ್ಲಿ ವೇದಾವತಿ ಹೊಳೆಗೆ ಕಟ್ಟಿದ ಮಾರಿಕಣಿವೆ ಅಣೆಕಟ್ಟೆ ಕೋಡಿ ಬಿದ್ದಾಗ ಹಿರಿಯೂರಿನಿಂದ ಚಿತ್ರದುರ್ಗದವರೆಗೆ, ಅತ್ತ ಚಳ್ಳಕೆರೆಯ ಶೇಂಗಾ ಮಂಡಿಗಳವರೆಗೆ ಎಲ್ಲರ ಬಾಯಲ್ಲೂ ಓಡಾಡಿದ್ದು ಒಂದೇ ಸಂಖ್ಯೆ: 89. 1933ರಲ್ಲಿ ಬಿದ್ದಿದ್ದ ಕೋಡಿ 89 ವರ್ಷದ ಮೇಲೆ ಮತ್ತೆ ಬಿತ್ತು. ಮಾತು ಸರಿಯಾಗಿಯೇ ಇತ್ತು. ಆದರೆ ವಾರ ಕಳೆಯುವಷ್ಟರಲ್ಲಿ ಅದು ಸದ್ದಿಲ್ಲದೆ ವೇಷ ಬದಲಿಸಿ '89 ವರ್ಷಕ್ಕೊಮ್ಮೆ ಬೀಳುವ ಕೋಡಿ' ಆಗಿಬಿಟ್ಟಿತು. 'ವರ್ಷದ ಮೇಲೆ' ಎಂದರೆ ನಡೆದದ್ದರ ವರದಿ. 'ವರ್ಷಕ್ಕೊಮ್ಮೆ' ಎಂದರೆ ಇನ್ನು ಮುಂದೆಯೂ ಹೀಗೇ ಎಂದು ಹೊಳೆಗೆ ಹಾಕಿದ ಕರಾರು. ವೇದಾವತಿ ಆ ಕರಾರಿಗೆ ಸಹಿ ಹಾಕಿರಲಿಲ್ಲ. 2025ರ ಜನವರಿಯಲ್ಲಿ ಅದೇ ಅಣೆಕಟ್ಟೆ ಮತ್ತೆ ಕೋಡಿ ಬಿತ್ತು. ಈ ಸಣ್ಣ ಪ್ರತ್ಯಯ, 'ಕ್ಕೊಮ್ಮೆ', ಅಂದಿನಿಂದ ತಲೆ ಕೊರೆಯುತ್ತಲೇ ಇದೆ. ಅಪರೂಪ ಎಂದು ನಾವು ಕರೆಯುವ ಯಾವುದೇ ಸಂಗತಿಯ ಬಗ್ಗೆ 'ಇಷ್ಟಕ್ಕೊಮ್ಮೆ' ಎನ್ನುವ ಹಕ್ಕು ಯಾವಾಗ ಬರುತ್ತದೆ?

ಮೊದಲು ಮಾರಿಕಣಿವೆಯ ಲೆಕ್ಕವನ್ನೇ ಹಾಕಿ ನೋಡೋಣ. ಅಣೆಕಟ್ಟೆ ಮುಗಿದದ್ದು 1907ರಲ್ಲಿ. ಅಲ್ಲಿಂದ 2022ಕ್ಕೆ 115 ವರ್ಷ, ಕೋಡಿ ಬಿದ್ದದ್ದು ಎರಡು ಸಲ. ಭಾಗಿಸಿದರೆ 57 ವರ್ಷಕ್ಕೊಮ್ಮೆ ಎಂದಾಯಿತು, 89 ಅಲ್ಲ. ಆದರೆ ಎರಡೇ ಘಟನೆಗಳಿಂದ ತೆಗೆದ ಸರಾಸರಿಗೆ ಬೆಲೆ ಕಡಿಮೆ. ಅಪರೂಪದ ಘಟನೆಗಳ ಎಣಿಕೆಗೆ ಬಳಸುವ ಪಾಯ್ಸಾನ್ ಲೆಕ್ಕದ ಪ್ರಕಾರ, ಎರಡು ಸಲ ಕಂಡದ್ದರ ಹಿಂದಿನ ನಿಜವಾದ ಸರಾಸರಿ 115 ವರ್ಷಕ್ಕೆ 0.24ರಿಂದ 7.2ರವರೆಗೆ ಎಲ್ಲಿ ಬೇಕಾದರೂ ಇರಬಹುದು (ನೂರಕ್ಕೆ 95ರ ಭರವಸೆಯಲ್ಲಿ). 115ನ್ನು ಇವುಗಳಿಂದ ಭಾಗಿಸಿದರೆ ಉತ್ತರ '16 ವರ್ಷಕ್ಕೊಮ್ಮೆಯಿಂದ 475 ವರ್ಷಕ್ಕೊಮ್ಮೆಯವರೆಗೆ'. ನಾವು ಅಷ್ಟು ಖಚಿತವಾಗಿ ಉಚ್ಚರಿಸಿದ 89ರ ಅಸಲಿ ಅಗಲ ಇಷ್ಟು.

ಇದೂ ಉದಾರವಾಗಿ ಹಾಕಿದ ಲೆಕ್ಕವೇ. ಪಾಯ್ಸಾನ್ ಲೆಕ್ಕಕ್ಕೆ ಎರಡು ಷರತ್ತುಗಳಿವೆ. ಒಂದು ವರ್ಷದ ಘಟನೆಗೂ ಮುಂದಿನ ವರ್ಷದ ಘಟನೆಗೂ ನಂಟಿರಬಾರದು. ವರ್ಷದಿಂದ ವರ್ಷಕ್ಕೆ ವ್ಯವಸ್ಥೆ ಬದಲಾಗಬಾರದು. ಜಲಾಶಯ ಎರಡನ್ನೂ ಮುರಿಯುತ್ತದೆ. ಈ ವರ್ಷ 120 ಅಡಿಗೆ ನಿಂತ ನೀರು ಮುಂದಿನ ವರ್ಷದ ಮಳೆಗೆ ಮೆಟ್ಟಿಲಾಗುತ್ತದೆ, ಹಾಗಾಗಿ ತುಂಬಿದ ವರ್ಷದ ಬೆನ್ನಿಗೇ ತುಂಬುವ ವರ್ಷ ಬರುವ ಸಾಧ್ಯತೆ ಹೆಚ್ಚು. ಇನ್ನು 2019ರಿಂದ ಭದ್ರೆಯ ನೀರನ್ನು ಎತ್ತಿ ವೇದಾವತಿಯ ಕಣಿವೆಗೆ ಬಿಡುತ್ತಿದ್ದಾರೆ. 1933ರ ಕೋಡಿ ಬರೀ ಮಳೆಯದು. 2022ರದು ಮಳೆ ಮತ್ತು ಪಂಪಿನ ಜಂಟಿ ಕೆಲಸ. ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ನಡುವಿನ ಅಂತರ ಎಣಿಸುವುದೆಂದರೆ, ಹುಲಿ ಕಂಡ ದಿನಕ್ಕೂ ಹುಲಿವೇಷ ಕಂಡ ದಿನಕ್ಕೂ ನಡುವಿನ ಅಂತರ ಎಣಿಸಿದ ಹಾಗೆ. ವಿಜ್ಞಾನ ಅಪರೂಪವನ್ನು ಕೈಗೆತ್ತಿಕೊಂಡಾಗ ಮೊದಲು ಕೇಳುವುದು ಈ ಎರಡೇ ಪ್ರಶ್ನೆ: ಎಷ್ಟು ಹೊತ್ತು ನೋಡಿದ್ದೀರಿ? ಆಗ ಕಂಡದ್ದೂ ಈಗ ಕಂಡದ್ದೂ ಒಂದೇ ಜಾತಿಯದೇ?

ಗೆರೆ ಎಲ್ಲಿ ಎಳೆಯುತ್ತೇವೆ ಎನ್ನುವುದೂ ಇದರಲ್ಲೇ ಸೇರಿದೆ. ಕೋಡಿ ವಿಷಯದಲ್ಲಿ ನಾವು ಪುಣ್ಯವಂತರು, 130 ಅಡಿಗೆ ಕಲ್ಲಿನ ಗೆರೆಯೇ ಇದೆ. ನೀರು ಅದನ್ನು ದಾಟಿತು ಅಥವಾ ದಾಟಲಿಲ್ಲ. ಸಮುದ್ರದ ರಾಕ್ಷಸ ಅಲೆಗೆ ಅಂಥ ಗೋಡೆಯಿಲ್ಲ, ಹಾಗಾಗಿ ಗೆರೆಯನ್ನು ಕಾಗದದ ಮೇಲೆ ಎಳೆದರು: ಆ ಹೊತ್ತಿನ ಅಲೆಗಳಲ್ಲಿ ಎತ್ತರದ ಮೂರನೇ ಒಂದು ಭಾಗವನ್ನು ಆರಿಸಿ ಸರಾಸರಿ ತೆಗೆದು, ಅದರ ಎರಡು ಪಟ್ಟು ಮೀರಿದ್ದು ರಾಕ್ಷಸ. 1995ರ ಜನವರಿ 1ರಂದು ಉತ್ತರ ಸಮುದ್ರದ ನಡುವಿನ ಡ್ರಾಪ್ನರ್ ಅನಿಲ ಕಟ್ಟೆಯ ಲೇಸರ್ ಮಾಪಕ 25.6 ಮೀಟರಿನ ಅಲೆಯೊಂದನ್ನು ಅಳೆದಾಗ ಸುತ್ತಲಿನ ಅಲೆಗಳ ಈ ಸರಾಸರಿ 12 ಮೀಟರಿನಷ್ಟಿತ್ತು. ಅಲ್ಲಿಯವರೆಗೆ ನಾವಿಕರ ಬಾಯಿಮಾತಾಗಿದ್ದದ್ದು ಅಂದು ಅಂಕಿಯಾಯಿತು. ತಮಾಷೆಯೆಂದರೆ, ಎರಡು ಪಟ್ಟಿನ ಗೆರೆಯನ್ನು ಸಾಮಾನ್ಯ ಅಲೆಗಣಿತದಲ್ಲೇ ಹಾಕಿದರೂ ಸುಮಾರು 3000 ಅಲೆಗೊಂದು ಅದನ್ನು ದಾಟಬೇಕು. ಬಿರುಗಾಳಿಯಲ್ಲಿ ಅಲೆಯೊಂದಕ್ಕೆ 12 ಸೆಕೆಂಡು ಎಂದಿಟ್ಟುಕೊಂಡರೆ 10 ಗಂಟೆಗೊಮ್ಮೆ. ನೋಡಲು ಯಾರೂ ಇಲ್ಲದ ಜಾಗದಲ್ಲಿ ನಡೆಯುವುದಕ್ಕೂ ಅಪರೂಪಕ್ಕೆ ನಡೆಯುವುದಕ್ಕೂ ಇರುವ ವ್ಯತ್ಯಾಸ ದಡದಲ್ಲಿ ಕೂತವರಿಗೆ ತಿಳಿಯುವುದಿಲ್ಲ.

ಸೊನ್ನೆ ಬೇರೆ, ಗೆರೆ ಬೇರೆ

ಮಳೆ ಮಾಪಕದ ಪುಸ್ತಕದಲ್ಲಿ ಮೂರು ಬಗೆಯ 'ಏನೂ ಇಲ್ಲ' ಇರುತ್ತದೆ. ಬೆಳಿಗ್ಗೆ 8.30ಕ್ಕೆ ಹೋಗಿ ನೋಡಿದೆ, ಮಳೆ ಬಂದಿಲ್ಲ: 0.0. ನಾಲ್ಕು ಹನಿ ಉದುರಿದೆ, ಆದರೆ 0.1 ಮಿ.ಮೀ. ಕೂಡ ತುಂಬಿಲ್ಲ: ಟ್ರೇಸ್ ಎಂದು ಗುರುತು. ಯಾರೂ ಹೋಗಿ ನೋಡಿಲ್ಲ: ಅಡ್ಡಗೆರೆ. ಚಳ್ಳಕೆರೆಯಂಥ ತಾಲ್ಲೂಕಿನ ಪುಸ್ತಕ ತೆರೆದರೆ ಸಾಲುಸಾಲು 0.0, ತಿಂಗಳುಗಟ್ಟಲೆ. ನೋಡುವವರಿಗೆ ಬೇಜಾರಿನ ಪುಟ. ಆದರೆ ಆ ಸೊನ್ನೆಗಳೇ ಭಿನ್ನರಾಶಿಯ ಛೇದ. ಒಂದು ದಿನ 90 ಮಿ.ಮೀ. ಸುರಿದಾಗ ಅದು ಎಷ್ಟು ಅಪರೂಪ ಎಂದು ಹೇಳುವುದು ಆ 90 ಅಲ್ಲ, ಅದರ ಹಿಂದೆ ಯಾರೋ ಬಿಸಿಲಲ್ಲಿ ನಡೆದುಹೋಗಿ ಬರೆದಿಟ್ಟ ಸೊನ್ನೆಗಳು. ಸೊನ್ನೆಯ ಜಾಗದಲ್ಲಿ ಗೆರೆ ಇದ್ದರೆ ಛೇದ ಸಣ್ಣದಾಗುತ್ತದೆ. ಅದು ಪ್ರಾಮಾಣಿಕ ನಷ್ಟ, ಲೆಕ್ಕಕ್ಕೆ ಸಿಗುತ್ತದೆ. ಗೆರೆಯ ಜಾಗದಲ್ಲಿ ಸೊನ್ನೆ ಬರೆದರೆ ಮಾತ್ರ ಲೆಕ್ಕ ಕೊಳೆಯತೊಡಗುತ್ತದೆ.

ಹೇಗೆ ಕೊಳೆಯುತ್ತದೆ ಎನ್ನುವುದಕ್ಕೆ ಒಂದು ಮಾದರಿ. ಭಾನುವಾರ ಮಾಪಕದ ಹತ್ತಿರ ಯಾರೂ ಹೋಗಲಿಲ್ಲ. ಸೋಮವಾರ ಅಳೆದರೆ 38 ಮಿ.ಮೀ., ಎರಡೂ ದಿನದ್ದು ಸೇರಿ. ಪುಸ್ತಕದಲ್ಲಿ ಭಾನುವಾರಕ್ಕೆ 0.0, ಸೋಮವಾರಕ್ಕೆ 38. ಮೊತ್ತ ಸರಿಯಾಗಿದೆ, ಆದರೆ ಇಲ್ಲದ ಒಣದಿನವೊಂದು ಹುಟ್ಟಿತು, ಇಲ್ಲದ ಭಾರಿ ಮಳೆಯೊಂದೂ ಹುಟ್ಟಿತು. ಇದನ್ನು ಹಿಡಿಯುವ ಉಪಾಯ ಬಲು ಸರಳ: ಹತ್ತಿಪ್ಪತ್ತು ವರ್ಷದ ಅಳತೆಯನ್ನು ವಾರದ ದಿನಗಳಂತೆ ಏಳು ರಾಶಿ ಮಾಡಿ. ಮಳೆಗೆ ಭಾನುವಾರ ಗೊತ್ತಿಲ್ಲ. ಭಾನುವಾರದ ರಾಶಿ ಸಣ್ಣದಾಗಿ ಸೋಮವಾರದ್ದು ಉಬ್ಬಿಕೊಂಡಿದ್ದರೆ ಅದು ಆಕಾಶದ ಸುದ್ದಿಯಲ್ಲ, ಕಚೇರಿಯ ಸುದ್ದಿ.

ತಾನಾಗಿಯೇ ಅಳೆಯುವ ಮಾಪಕಗಳು ಬಂದಮೇಲೆ ಭಾನುವಾರದ ಕಾಟ ತಪ್ಪಿತು, ಬೇರೆ ಕಾಟ ಶುರುವಾಯಿತು. ಆಲಿಕೆಯ ಕಂಠದಲ್ಲಿ ಬೇವಿನ ಎಲೆ ಸಿಕ್ಕಿಕೊಂಡರೆ, ಕಣಜ ಮಣ್ಣಿನ ಗೂಡು ಕಟ್ಟಿದರೆ, ಮಳೆ ಸುರಿಯುತ್ತಿದ್ದರೂ ಯಂತ್ರ ನಿಷ್ಠೆಯಿಂದ ಸೊನ್ನೆ ಕಳಿಸುತ್ತಿರುತ್ತದೆ. ಆ ಸೊನ್ನೆಗೂ ನಿಜವಾದ ಸೊನ್ನೆಗೂ ಪರದೆಯ ಮೇಲೆ ವ್ಯತ್ಯಾಸವಿಲ್ಲ. ಆದ್ದರಿಂದ ಆಗಾಗ ಗೊತ್ತಿರುವಷ್ಟು ನೀರನ್ನು ನಾವೇ ಹೊಯ್ದು ನೋಡಬೇಕು. ಬಾಯಿಯ ಅಡ್ಡಳತೆ 200 ಮಿ.ಮೀ. ಇದ್ದರೆ ವಿಸ್ತೀರ್ಣ 314 ಚದರ ಸೆಂ.ಮೀ.; 314 ಮಿ.ಲೀ. ನೀರು ಎಂದರೆ 10 ಮಿ.ಮೀ. ಮಳೆ. ಒಳಗಿನ ಮಗುಚುವ ಬಟ್ಟಲು 0.5 ಮಿ.ಮೀ.ಗೊಮ್ಮೆ ಮಗುಚುವಂಥದಾದರೆ 20 ಸಲ ಟಕ್ ಎನ್ನಬೇಕು; 19, 21 ಬಂದರೂ ನಡೆದೀತು. ನೀರನ್ನು ಒಮ್ಮೆಲೇ ಸುರಿಯಬಾರದು. ಬಟ್ಟಲು ಮಗುಚುತ್ತಿರುವ ಆ ಅರೆಗಳಿಗೆಯಲ್ಲಿ ಬಿದ್ದ ನೀರು ಎಣಿಕೆಗೆ ಸಿಗದೆ ಹೋಗುತ್ತದೆ. ತೂತು ಮಾಡಿದ ಬಾಟಲಿಯಿಂದ ಕಾಲು ಗಂಟೆ ಇಪ್ಪತ್ತು ನಿಮಿಷ ಹನಿಸಬೇಕು. ಮತ್ತು ಆ ಹೊತ್ತನ್ನು ಪುಸ್ತಕದಲ್ಲಿ ಬರೆಯಬೇಕು. ಮರೆತರೆ ಬಾಟಲಿಯ 10 ಮಿ.ಮೀ. ಬೇಸಿಗೆಯ ಅಕಾಲಿಕ ಮಳೆಯಾಗಿ ಇತಿಹಾಸ ಸೇರುತ್ತದೆ.

ಈ ಬಾಟಲಿ ನೀರಿನ ಪರೀಕ್ಷೆಯ ಅತಿ ದುಬಾರಿ ರೂಪ ಲೈಗೋ ಪ್ರಯೋಗದ್ದು. ಗುರುತ್ವದ ಅಲೆ ಹಿಡಿಯಲು ಕೂತಿದ್ದ ಆ ತಂಡದೊಳಗೇ ಕೆಲವರಿಗೆ ಮಾತ್ರ ಒಂದು ಗುಟ್ಟಿನ ಕೆಲಸವಿತ್ತು: ಯಾರಿಗೂ ಹೇಳದೆ ಕನ್ನಡಿಗಳನ್ನು ಅಲುಗಿಸಿ ಸುಳ್ಳು ಸಂಕೇತ ಸೇರಿಸುವುದು. 2010ರ ಸೆಪ್ಟೆಂಬರ್ 16ರಂದು ಚೆಂದದ ಸಂಕೇತವೊಂದು ಸಿಕ್ಕಿತು, ಮಹಾಶ್ವಾನ ನಕ್ಷತ್ರಪುಂಜದ ಕಡೆಯಿಂದ ಬಂದಂತಿತ್ತು. ತಂಡ ತಿಂಗಳುಗಟ್ಟಲೆ ದುಡಿದು ಪ್ರಬಂಧವನ್ನೇ ಬರೆದಿಟ್ಟಿತು. 2011ರ ಮಾರ್ಚಿನಲ್ಲಿ ಗುಟ್ಟು ಬಿಚ್ಚಿದಾಗ ಅದು ಹೊಯ್ದ ನೀರು ಎಂದು ಗೊತ್ತಾಯಿತು. ವ್ಯರ್ಥ ಶ್ರಮವೆಂದು ಕಾಣಬಹುದು. ಆದರೆ ಅದುವರೆಗಿನ ಅವರ ಸೊನ್ನೆಗಳು ಎಲೆ ಸಿಕ್ಕಿಕೊಂಡ ಆಲಿಕೆಯ ಸೊನ್ನೆಗಳಲ್ಲ ಎಂದು ಆ ದಿನ ಸಾಬೀತಾಯಿತು. 2015ರ ಸೆಪ್ಟೆಂಬರ್ 14ರಂದು ನಿಜವಾದ ಅಲೆ ಬಂದಾಗ ಎಲ್ಲರೂ ಮೊದಲು ಕೇಳಿದ ಪ್ರಶ್ನೆ, 'ಇದೂ ಹೊಯ್ದದ್ದೇ?'

ಬಾಯಿಮಾತನ್ನು ದತ್ತಾಂಶ ಮಾಡುವುದು

ಯಂತ್ರ ಇಲ್ಲದ ಕಡೆ ಏನು ಮಾಡಬೇಕು? ಆಕಾಶದಿಂದ ಕಲ್ಲು ಬೀಳುತ್ತದೆ ಎಂದು ರೈತರು ಹೇಳುತ್ತಲೇ ಇದ್ದರು, ಪಂಡಿತರು ಒಪ್ಪುತ್ತಿರಲಿಲ್ಲ. 1768ರಲ್ಲಿ ಫ್ರಾನ್ಸಿನ ಲೂಸೆಯಲ್ಲಿ ಬಿದ್ದ ಕಲ್ಲನ್ನು ಪರೀಕ್ಷಿಸಿದವರಲ್ಲಿ ಲವಾಸಿಯೆಯಂಥ ರಸಾಯನಶಾಸ್ತ್ರಜ್ಞ ಕೂಡ ಇದ್ದ. 1772ರ ಅವರ ತೀರ್ಪು, ಅದು ಸಿಡಿಲು ಹೊಡೆದ ನೆಲದ ಕಲ್ಲು ಎಂದು. ಇದನ್ನು ಪಂಡಿತರ ಮೂರ್ಖತನವೆಂದು ನಗುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಒಂದೆರಡು ಕಲ್ಲು, ಕೆಲವೇ ಸಾಕ್ಷಿಗಳು. ಅಷ್ಟರಲ್ಲಿ ಅದಕ್ಕಿಂತ ಹೆಚ್ಚು ಹೇಳಿದ್ದರೆ ಅದೇ ತಪ್ಪಾಗುತ್ತಿತ್ತು.

1803ರ ಏಪ್ರಿಲ್ 26ರಂದು ನಾರ್ಮಂಡಿಯ ಲೇಗ್ಲ್ ಊರಿನ ಸುತ್ತ ಸುಮಾರು 3000 ಕಲ್ಲು ಬಿದ್ದವು. ಸರ್ಕಾರ ಕಳಿಸಿದ್ದು ಜಾನ್ ಬಾಪ್ತಿಸ್ತ್ ಬಿಯೋ ಎಂಬ 29ರ ಯುವಕನನ್ನು. ಅವನು ನೆಟ್ಟಗೆ ಲೇಗ್ಲ್‌ಗೆ ಹೋಗಲಿಲ್ಲ. ದೂರದ ಅಲಾಂಸೋ ಪಟ್ಟಣದಿಂದ ಶುರುಮಾಡಿ, ಆ ದಿನ ಯಾರಿಗೆ ಏನು ಕಂಡಿತು, ಏನು ಕೇಳಿಸಿತು ಎಂದು ವಿಚಾರಿಸುತ್ತ ಒಳಗೊಳಗೆ ಬಂದ. ಕಲ್ಲು ಬಿದ್ದ ಸುದ್ದಿ ಮುಟ್ಟದ ಜಾಗದಲ್ಲಿ ಸದ್ದಿನ ಸುದ್ದಿ ಸಿಕ್ಕಿದರೆ ಅದು ಎರವಲು ಸುದ್ದಿಯಲ್ಲ ಎಂಬ ಲೆಕ್ಕ. ಊರಿಗೆ ಬಂದಮೇಲೆ ಒಬ್ಬರಿಗೊಬ್ಬರು ಪರಿಚಯವಿಲ್ಲದ, ಬೇರೆಬೇರೆ ಕಸುಬಿನ ಜನರನ್ನು ಬೇರೆಬೇರೆಯಾಗಿ ಕೇಳಿದ. ಇಷ್ಟಕ್ಕೇ ನಿಲ್ಲಿಸಿದ್ದರೆ ಅವನ ವರದಿ ಒಳ್ಳೆಯ ಪೊಲೀಸ್ ಮಹಜರು ಆಗುತ್ತಿತ್ತು. ಆದರೆ ಅವನು ಆ ಸೀಮೆಯ ಹಳೆಯ ಖನಿಜ ಸಂಗ್ರಹಗಳಲ್ಲೂ ಕಬ್ಬಿಣದ ಕುಲುಮೆಗಳ ಕಿಟ್ಟದಲ್ಲೂ ಇಂಥ ಕಲ್ಲು ಮೊದಲೇ ಇತ್ತೇ ಎಂದು ಹುಡುಕಿದ. ಇರಲಿಲ್ಲ. ಎಂದರೆ ಆ ಊರಿಗೆ ಆ ದಿನದ ಮುಂಚಿನ ಸೊನ್ನೆಯನ್ನು ಹಿಂದಕ್ಕೆ ಹೋಗಿ ಬರೆದ. ಕೊನೆಗೆ ಕಲ್ಲು ಸಿಕ್ಕ ಜಾಗಗಳನ್ನು ಗುರುತಿಸಿದರೆ ಮೊಟ್ಟೆಯಾಕಾರದ ಪಟ್ಟಿ, ಒಂದು ತುದಿಗೆ ದೊಡ್ಡವು, ಇನ್ನೊಂದು ತುದಿಗೆ ಸಣ್ಣವು. ಸುಳ್ಳು ಹೇಳುವ ನೂರು ಜನ ಸೇರಿಕೊಂಡು ಇಂಥ ಆಕಾರ ಹುಟ್ಟಿಸುವುದು ಕಷ್ಟ.

ಸಿಡಿಲಿನ ಉಂಡೆಯ ಕಥೆ ಇನ್ನೂ ಬಿಯೋಗೆ ಮುಂಚಿನ ಹಂತದಲ್ಲೇ ಇದೆ. ಏಪ್ರಿಲ್-ಮೇನಲ್ಲಿ ನಮ್ಮ ಸೀಮೆಯಲ್ಲಿ ಗುಡುಗು ಮಳೆ ಶುರುವಾದರೆ ಇಂಥ ಮಾತು ಕೇಳದ ವರ್ಷವಿಲ್ಲ: ತೆಂಗಿನಕಾಯಿ ಗಾತ್ರದ ಬೆಂಕಿಯುಂಡೆ ಕಿಟಕಿಯಲ್ಲಿ ಬಂದು, ಒಂದೆರಡು ಗಳಿಗೆ ತೇಲಿ, ಸದ್ದು ಮಾಡಿಯೋ ಮಾಡದೆಯೋ ಆರಿತು. ಜಗತ್ತಿನ ವರದಿಗಳೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತವೆ. ಅಂಶ ಇದೆ, ಛೇದ ಇಲ್ಲ. ಉಂಡೆ ಕಂಡವರು ಹೇಳುತ್ತಾರೆ, ಸಾವಿರ ಸಿಡಿಲು ನೋಡಿ ಉಂಡೆ ಕಾಣದವರು ಬಾಯಿಬಿಡುವುದಿಲ್ಲ. ಉಪಕರಣಕ್ಕೆ ಸಿಕ್ಕ ಅತ್ಯುತ್ತಮ ದಾಖಲೆ 2012ರ ಜುಲೈಯಲ್ಲಿ ಚೀನಾದ ಚಿಂಗ್‌ಹಾಯ್ ಪ್ರಸ್ಥಭೂಮಿಯದು. ಲಾಂಜೋದ ವಿಜ್ಞಾನಿಗಳು ಸಾಮಾನ್ಯ ಸಿಡಿಲಿನ ರೋಹಿತ (ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿ) ತೆಗೆಯಲು ಕ್ಯಾಮೆರಾ ಇಟ್ಟುಕೊಂಡು ಕೂತಿದ್ದರು. ಸುಮಾರು 900 ಮೀಟರ್ ದೂರದಲ್ಲಿ ಸಿಡಿಲು ನೆಲಕ್ಕೆ ಬಡಿದ ಜಾಗದಿಂದ ಹೊಳೆಯುವ ಗೋಳವೊಂದು ಎದ್ದಿತು. ಅದರ ಬೆಳಕಿನಲ್ಲಿ ಸಿಲಿಕಾನ್, ಕಬ್ಬಿಣ, ಕ್ಯಾಲ್ಸಿಯಂ ಗೆರೆಗಳಿದ್ದವು, ಮಣ್ಣಿನಲ್ಲಿರುವ ಮೂಲವಸ್ತುಗಳೇ. 2014ರಲ್ಲಿ ಪ್ರಕಟವಾದ ಆ ದಾಖಲೆ, ಸಿಡಿಲಿಗೆ ಆವಿಯಾದ ಮಣ್ಣಿನ ಸಿಲಿಕಾನ್ ನಿಧಾನವಾಗಿ ಉರಿಯುತ್ತದೆ ಎಂಬ 2000ದ ಊಹೆಗೆ ಬಲ ಕೊಟ್ಟಿತು. ಆದರೆ ಕಿಟಕಿಯ ಗಾಜು ದಾಟಿ ಬರುವ ಉಂಡೆಯನ್ನು ಅದು ವಿವರಿಸುವುದಿಲ್ಲ. ಹತ್ತಿರದಲ್ಲಿ ಒಂದರ ಹಿಂದೊಂದು ಮಿಂಚು ಬಡಿದಾಗ ಅದರ ಕಾಂತಕ್ಷೇತ್ರ ಮೆದುಳಿನ ದೃಷ್ಟಿಭಾಗವನ್ನೇ ಕೆರಳಿಸಿ ಉಂಡೆ ಕಾಣಿಸಬಹುದು ಎಂಬ ಲೆಕ್ಕವೂ 2010ರಲ್ಲಿ ಬಂದಿದೆ. ನನ್ನ ಅಂದಾಜು, 'ಸಿಡಿಲಿನ ಉಂಡೆ' ಎಂಬ ಒಂದೇ ಹೆಸರಿನ ಚೀಲದಲ್ಲಿ ಎರಡು ಮೂರು ಬೇರೆ ಪ್ರಾಣಿಗಳಿವೆ. ಹೆಸರು ಬೇಗ ಇಟ್ಟರೆ ಹೀಗೇ.

ಕಂಡವರು ಬರೆದಿಡಬೇಕಾದದ್ದೇನು ಎಂದರೆ: ಗಾತ್ರವನ್ನು ತೆಂಗಿನಕಾಯಿ, ಕುಂಬಳಕಾಯಿ ಎನ್ನದೆ ಕೋನದಲ್ಲಿ ಹೇಳಿ, ಏಕೆಂದರೆ ದೂರ ಗೊತ್ತಿಲ್ಲದೆ ಗಾತ್ರ ಗೊತ್ತಾಗುವುದಿಲ್ಲ. ಕೈ ನೇರ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು 1 ಡಿಗ್ರಿ. ನಿಂತ ಜಾಗ, ನೋಡಿದ ದಿಕ್ಕು, ಉಂಡೆ ಯಾವುದರ ಹಿಂದೆ ಮರೆಯಾಯಿತು, ಯಾವುದನ್ನು ಮರೆ ಮಾಡಿತು. ದೂರಕ್ಕೆ ಇರುವ ಏಕೈಕ ಆಧಾರ ಅದೇ. ತಲೆ ಆಚೆ ತಿರುಗಿಸಿದಾಗ ಉಂಡೆಯೂ ಜೊತೆಗೆ ತಿರುಗಿತೇ? ತಿರುಗಿದ್ದರೆ ಅದು ಮಿಂಚು ಕಣ್ಣಿನಲ್ಲಿ ಬಿಟ್ಟ ಕಲೆ. ಪಕ್ಕದವರ ಜೊತೆ ಮಾತಾಡುವ ಮುಂಚೆಯೇ ಬರೆಯುವುದು ಒಳ್ಳೆಯದು. ಮಾತಾಡಿದ ಮೇಲೆ ಇಬ್ಬರು ಸಾಕ್ಷಿ ಒಬ್ಬರಾಗುತ್ತಾರೆ.

ಛೇದ ಸಮೇತ ಕೆಲಸ ಮಾಡಬೇಕೆನ್ನುವವರಿಗೆ ನಮ್ಮ ಬಯಲುಸೀಮೆ ಹೇಳಿಮಾಡಿಸಿದ ಜಾಗ, ಉಂಡೆಗಲ್ಲ, ಸ್ಪ್ರೈಟ್‌ಗೆ. ಗುಡುಗುಮೋಡದ ನೆತ್ತಿಯ ಮೇಲೆ, ನೆಲದಿಂದ 50ರಿಂದ 90 ಕಿ.ಮೀ. ಎತ್ತರದಲ್ಲಿ ಕೆಂಪಗೆ ಕೊಂಬೆ ಒಡೆದು ಮಾಯವಾಗುವ ಈ ಮಿಂಚನ್ನು ಪೈಲಟ್‌ಗಳು ಹೇಳುತ್ತಿದ್ದರು, ನಂಬಿದವರು ಕಡಿಮೆ. 1989ರ ಜುಲೈ 6ರಂದು ಮಿನೆಸೋಟ ವಿಶ್ವವಿದ್ಯಾಲಯದ ಜಾನ್ ವಿಂಕ್ಲರ್ ತಂಡ ಬೇರೆ ಕೆಲಸಕ್ಕೆಂದು ಕ್ಯಾಮೆರಾ ಪರೀಕ್ಷಿಸುವಾಗ ಅದು ಸಿಕ್ಕಿಬಿತ್ತು. ಚಳ್ಳಕೆರೆಯ ಕಡೆಯ ಬಯಲಿನಲ್ಲಿ ತಲೆಮೇಲೆ ಆಕಾಶ ತಿಳಿಯಾಗಿದ್ದು, 250 ಕಿ.ಮೀ. ಆಚೆ ಮೋಡ ಗುಡುಗುತ್ತಿರುವ ರಾತ್ರಿ ಬೇಕು. ದಿಗಂತದಿಂದ ಒಂದೂವರೆ ಮುಷ್ಟಿ ಮೇಲಕ್ಕೆ, ಸುಮಾರು 15 ಡಿಗ್ರಿಗೆ, ಕ್ಯಾಮೆರಾ ನೆಟ್ಟು, ನಕ್ಷತ್ರಕ್ಕೆ ಫೋಕಸ್ ಮಾಡಿ ಕೈಯಿಂದ ಲಾಕ್ ಮಾಡಿ, ಎಫ್ 1.8ರಂಥ ತೆರೆದ ಲೆನ್ಸ್, ಐಎಸ್‌ಒ 3200 ಅಥವಾ ಅದಕ್ಕೂ ಮೇಲೆ ಇಟ್ಟು ವಿಡಿಯೋ ಓಡಿಸುತ್ತ ಕೂರುವುದು. ಸ್ಪ್ರೈಟ್ ಬಾಳುವುದು ಕೆಲವೇ ಮಿಲಿಸೆಕೆಂಡು, ಒಂದೆರಡು ಫ್ರೇಮಿನಲ್ಲಿ ಮುಗಿಯುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿತು, ಹಾಗಾಗಿ ಕಣ್ಣನ್ನು ನೆಚ್ಚಬೇಡಿ. ಶುರುಮಾಡಿದ ಹೊತ್ತು, ನಿಲ್ಲಿಸಿದ ಹೊತ್ತು, ನಡುವೆ ಮೋಡ ಅಡ್ಡ ಬಂದ ಹೊತ್ತು ಮೂರನ್ನೂ ಬರೆಯಿರಿ. ಏನೂ ಸಿಗದ ರಾತ್ರಿಗಳಿಗೂ ಬೆಲೆಯಿದೆ, ಅದಕ್ಕೊಂದು ಕೈಲೆಕ್ಕವೂ ಇದೆ: ಎಷ್ಟು ಸಲ ನೋಡಿ ಒಂದೂ ಕಾಣಲಿಲ್ಲವೋ ಅದರಿಂದ 3ನ್ನು ಭಾಗಿಸಿ. 300 ಮಿಂಚು ನೋಡಿ ಒಂದೂ ಸ್ಪ್ರೈಟ್ ಸಿಗದಿದ್ದರೆ, ಅಂಥ ಮಿಂಚಿಗೆ ಅದು ನೂರಕ್ಕೆ ಒಂದಕ್ಕಿಂತ ಹೆಚ್ಚಿರಲಾರದು ಎಂದು ನೂರಕ್ಕೆ 95ರ ಭರವಸೆಯಲ್ಲಿ ಹೇಳಬಹುದು.

ಊಟದ ಹೊತ್ತಿಗೆ ಬರುವ ಸಂಕೇತ

ಅಪರೂಪ ಒಂದು ತೊಂದರೆ, ವಿಚಿತ್ರ ಇನ್ನೊಂದು. ಆಸ್ಟ್ರೇಲಿಯಾದ ಪಾರ್ಕ್ಸ್ ರೇಡಿಯೋ ದೂರದರ್ಶಕ 2001ರಲ್ಲಿ ದಾಖಲಿಸಿಟ್ಟಿದ್ದ ರಾಶಿಯಲ್ಲಿ 2007ರಲ್ಲಿ ಒಂದು ಮಿಡಿತ ಪತ್ತೆಯಾಯಿತು: ಕೆಲವೇ ಮಿಲಿಸೆಕೆಂಡಿನದು, ಮೇಲಿನ ಕಂಪನಾಂಕ ಮೊದಲು ಬಂದು ಕೆಳಗಿನವು ತಡವಾಗಿ ಬಂದವು. ಬಹುದೂರದಿಂದ ಬಂದ ರೇಡಿಯೋ ಅಲೆ ದಾರಿಯ ಇಲೆಕ್ಟ್ರಾನುಗಳಲ್ಲಿ ಹಾಗೆ ಹಿಂದೆ ಬೀಳುತ್ತದೆ. ಒಂದೇ ಒಂದು ಮಿಡಿತ, ಮತ್ತೆ ಬರಲಿಲ್ಲ. ಅದನ್ನು ನಂಬಬೇಕೋ ಬೇಡವೋ ಎನ್ನುವಷ್ಟರಲ್ಲಿ ಅದೇ ದೂರದರ್ಶಕದಲ್ಲಿ ಹಾಗೇ ಮೇಲಿನದು ಮೊದಲು, ಕೆಳಗಿನದು ತಡವಾಗಿ ಬರುವ ಮಿಡಿತಗಳ ಇನ್ನೊಂದು ಗುಂಪು ಕಾಣಿಸಿಕೊಂಡು ಕಥೆಗೆ ಹುಳಿ ಹಿಂಡಿತು. ಪಾರ್ಕ್ಸ್‌ಗೆ ಆಗ ಆಕಾಶದ ಬೇರೆಬೇರೆ ಬಿಂದುಗಳನ್ನು ನೋಡುವ 13 ಕಿವಿಗಳಿದ್ದವು. ಆಕಾಶದ ಒಂದು ಬಿಂದುವಿನಿಂದ ಬಂದದ್ದು ಒಂದರಲ್ಲೋ ಮೂರರಲ್ಲೋ ಕೇಳಿಸಬೇಕು. ಈ ಹೊಸ ಗುಂಪಿನದು 13ರಲ್ಲೂ ಕೇಳಿಸುತ್ತಿತ್ತು. ಎಂದರೆ ಪಕ್ಕದಲ್ಲೇ ಎಲ್ಲೋ ಇದೆ. ಇವಕ್ಕೆ 'ಪೆರಿಟಾನ್' ಎಂದು ಪ್ರತ್ಯೇಕ ಹೆಸರಿಟ್ಟರು. ಸುಳ್ಳೆಂದು ಎಸೆಯಲಿಲ್ಲ, ನಿಜದ ರಾಶಿಗೆ ಸೇರಿಸಲೂ ಇಲ್ಲ. ಆ ಬೇರೆ ರಾಶಿ ಮಾಡಿದ್ದೇ ಕೈಹಿಡಿಯಿತು. ಸಾಕಷ್ಟು ಸೇರಿದ ಮೇಲೆ ನೋಡಿದರೆ ಅವು ಬರುತ್ತಿದ್ದದ್ದು ಕಚೇರಿಯ ವೇಳೆಯಲ್ಲಿ, ಅದರಲ್ಲೂ ಮಧ್ಯಾಹ್ನದ ಊಟದ ಆಸುಪಾಸಿನಲ್ಲಿ.

ಸುತ್ತಲಿನ ರೇಡಿಯೋ ಗದ್ದಲ ಅಳೆಯುವ ಯಂತ್ರವನ್ನು ಹೊಸದಾಗಿ ಕೂರಿಸಿದ ಮೇಲೆ, 2015ರ ಜನವರಿಯಲ್ಲಿ ಪೆರಿಟಾನ್ ಬಂದ ಕ್ಷಣಕ್ಕೇ 2.4 ಗಿಗಾಹರ್ಟ್ಸ್‌ನಲ್ಲೂ ಗದ್ದಲ ಕಂಡಿತು. ಅದು ಮೈಕ್ರೋವೇವ್ ಒಲೆಯ ಕಂಪನಾಂಕ. ಒಲೆ ಓಡಿಸಿ ನೋಡಿದರು, ಏನೂ ಬರಲಿಲ್ಲ. ಟಿಣ್ ಎನ್ನುವವರೆಗೂ ಕಾಯಲಾರದೆ, ಓಡುತ್ತಿರುವಾಗಲೇ ಬಾಗಿಲು ಎಳೆದರೆ ಮಾತ್ರ, ಅದೂ ದೂರದರ್ಶಕದ ಮುಖ ಒಲೆಯಿದ್ದ ಕಟ್ಟಡದ ಕಡೆಗೆ ಇದ್ದಾಗ ಮಾತ್ರ, ಪೆರಿಟಾನ್ ಹುಟ್ಟುತ್ತಿತ್ತು. ಒಲೆಯಲ್ಲಿ ಅಲೆ ಹುಟ್ಟಿಸುವ ಮ್ಯಾಗ್ನೆಟ್ರಾನ್ ಆರುತ್ತ ಕೊನೆಯುಸಿರಿನಲ್ಲಿ ಹೊರಗೆ ಚೆಲ್ಲಿದ್ದು ಅದು. ಇಷ್ಟು ಸಿಕ್ಕಿತೆಂದು 2001ರ ಮಿಡಿತವೂ ಒಲೆಯದೇ ಎನ್ನಲಾಗುವುದಿಲ್ಲ. ಅದು 13ರಲ್ಲಿ ಕೇಳಿಸಿರಲಿಲ್ಲ. ಒಲೆಯದನ್ನು ಬಿಡಿಸಿಟ್ಟ ಮೇಲೆ ಉಳಿದದ್ದು ಗಟ್ಟಿಯಾಯಿತು. ಕೆನಡಾದ ಚೈಮ್ ದೂರದರ್ಶಕ 2021ರಲ್ಲಿ ಕೊಟ್ಟ ಮೊದಲ ಪಟ್ಟಿಯಲ್ಲೇ ಅಂಥ 536 ಮಿಡಿತಗಳಿದ್ದವು. ಅಪರೂಪ ಎಂದುಕೊಂಡಿದ್ದದ್ದು ಅಪರೂಪವಾಗಿರಲಿಲ್ಲ, ಆಕಾಶದ ಅಷ್ಟಗಲವನ್ನು ಒಟ್ಟಿಗೆ ಯಾರೂ ಕೇಳಿರಲಿಲ್ಲ.

ಕೋಲಾರದ ಕತ್ತಲು

ಇನ್ನು, ನೇರವಾಗಿ ಕಾಣಲಾಗದ್ದು. ನ್ಯೂಟ್ರಿನೋ ಎಂಬ ಕಣವನ್ನು ಯಾರೂ ಕಾಣುವುದಿಲ್ಲ, ಅದು ಏನನ್ನಾದರೂ ಗುದ್ದಿದಾಗ ಚಿಮ್ಮಿದ್ದನ್ನು ಕಾಣುತ್ತಾರೆ. ತೊಂದರೆಯೆಂದರೆ ನೆಲದ ಮೇಲೆ ಚಿಮ್ಮುವವು ಕೋಟಿಗಟ್ಟಲೆ, ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳಿಂದ ಹುಟ್ಟುವ ಮ್ಯೂಆನ್ ಎಂಬ ಕಣಗಳು. ಹಾಗಾಗಿ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ 2.3 ಕಿ.ಮೀ. ಆಳಕ್ಕೆ ಇಳಿದರು, ತಲೆಯ ಮೇಲಿನ ಬಂಡೆಯೇ ಜರಡಿ. ಅದನ್ನೂ ತೂರಿ ಬರುವ ಮ್ಯೂಆನ್‌ಗಳು ಹೆಚ್ಚುಕಡಿಮೆ ನೆಟ್ಟಗೆ ಮೇಲಿನಿಂದ ಬರುತ್ತವೆ, ಏಕೆಂದರೆ ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಬಹಳ. ಆದ್ದರಿಂದ ಮಾಪಕಗಳನ್ನು ಗೋಡೆಯಂತೆ ನಿಲ್ಲಿಸಿ ಅಡ್ಡಡ್ಡ ಬಂದವನ್ನಷ್ಟೇ ಹಿಡಿದರು. ಅಡ್ಡಲಾಗಿ ಅಷ್ಟೊಂದು ಬಂಡೆ ದಾಟಿ ಮ್ಯೂಆನ್ ಬರಲಾರದು; ಬಂದಿದ್ದರೆ ಅದು ಹತ್ತಿರದ ಬಂಡೆಯಲ್ಲೇ ನ್ಯೂಟ್ರಿನೋ ಗುದ್ದಿ ಹುಟ್ಟಿದ್ದು. ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್ಹಮ್ ಸೇರಿದ ತಂಡ 1965ರಲ್ಲಿ ವಾತಾವರಣದ ನ್ಯೂಟ್ರಿನೋ ಸಿಕ್ಕಿದ್ದನ್ನು ಪ್ರಕಟಿಸಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ಕೂತಿದ್ದ ಇನ್ನೊಂದು ತಂಡದ ಪ್ರಕಟಣೆಯೂ ಅದೇ ಹೊತ್ತಿಗೆ ಬಂತು.

ಅದೇ ಗಣಿಯಲ್ಲಿ 1980ರಲ್ಲಿ ಇನ್ನೂ ಕಠಿಣವಾದದ್ದಕ್ಕೆ ಕಾದು ಕೂತರು: ಪ್ರೋಟಾನ್ ಸಾಯುತ್ತದೆಯೇ? ಇಲ್ಲಿ ಛೇದ ದೊಡ್ಡದು ಮಾಡುವ ಉಪಾಯ ಸೊಗಸಾಗಿದೆ. ಒಂದು ಪ್ರೋಟಾನನ್ನು 1ರ ಮುಂದೆ 31 ಸೊನ್ನೆಯಷ್ಟು ವರ್ಷ ಕಾಯುವ ಬದಲು ಅಷ್ಟು ಕಣಗಳನ್ನು ಒಂದು ವರ್ಷ ಕಾಯುವುದು. ಒಂದು ಗ್ರಾಂ ಯಾವ ವಸ್ತುವಾದರೂ ಅದರಲ್ಲಿ ಪ್ರೋಟಾನ್-ನ್ಯೂಟ್ರಾನ್ ಸೇರಿ 6ರ ಮುಂದೆ 23 ಸೊನ್ನೆಯಷ್ಟು. ಕೋಲಾರದ ಪೆಟ್ಟಿಗೆಯ ಕಬ್ಬಿಣ 140 ಟನ್. ಗುಣಿಸಿದರೆ 8ರ ಮುಂದೆ 31 ಸೊನ್ನೆ. ಕಣದ ಆಯಸ್ಸು 1ರ ಮುಂದೆ 31 ಸೊನ್ನೆಯಷ್ಟು ವರ್ಷವಾಗಿದ್ದರೆ ವರ್ಷಕ್ಕೆ ಎಂಟು ಸಾವು ಕಾಣಬೇಕು. ಕೆಲವು ಅಭ್ಯರ್ಥಿಗಳು ಸಿಕ್ಕವು, ಪ್ರಕಟವಾದವು. ಆದರೆ ಎಷ್ಟು ಆಳಕ್ಕೆ ಇಳಿದರೂ ಜರಡಿಗೆ ಸಿಗದ ಒಂದು ಇದೆ, ಅದೇ ನ್ಯೂಟ್ರಿನೋ. ಪೆಟ್ಟಿಗೆಯೊಳಗೆ ಅದು ಗುದ್ದಿದರೂ ಪ್ರೋಟಾನ್ ಸತ್ತ ಹಾಗೇ ಕಾಣಬಹುದು. ಅಮೆರಿಕ ಮತ್ತು ಜಪಾನಿನ ಸಾವಿರಾರು ಟನ್ ನೀರಿನ ತೊಟ್ಟಿಗಳು ಬಂದಮೇಲೆ ಅಭ್ಯರ್ಥಿಗಳು ನಿಲ್ಲಲಿಲ್ಲ. ಈಗ ಜಪಾನಿನ ಸೂಪರ್ ಕಾಮಿಯೊಕಾಂಡೆ ತೊಟ್ಟಿ ಹೇಳುವುದು, ಪಾಸಿಟ್ರಾನ್ ಮತ್ತು ಪಯಾನ್ ಎಂಬ ಕಣಗಳಾಗಿ ಒಡೆಯುವ ದಾರಿಯಲ್ಲಿ ಪ್ರೋಟಾನಿನ ಆಯಸ್ಸು ಕನಿಷ್ಠ 2.4ನ್ನು 10ರ 34ನೇ ಘಾತದಿಂದ ಗುಣಿಸಿದಷ್ಟು ವರ್ಷ ಎಂದು. ಸೊನ್ನೆಗಳಿಂದಲೇ ಕಟ್ಟಿದ ಸಂಖ್ಯೆ ಅದು. ಅದರ ಹಿರಿಯಣ್ಣನಂಥ ಕಾಮಿಯೊಕಾಂಡೆ ತೊಟ್ಟಿಯನ್ನೂ ಕಟ್ಟಿದ್ದು ಪ್ರೋಟಾನಿಗೆಂದೇ. ಪ್ರೋಟಾನ್ ಸಾಯಲಿಲ್ಲ, 1987ರ ಫೆಬ್ರವರಿ 23ರಂದು ಸತ್ತದ್ದು ನೆರೆಯ ಗೆಲಾಕ್ಸಿಯ ನಕ್ಷತ್ರ, ಅದರ 11 ನ್ಯೂಟ್ರಿನೋ ತೊಟ್ಟಿಗೆ ಬಿದ್ದವು. ಯಂತ್ರ ಓಡುತ್ತಿತ್ತು, ಗಡಿಯಾರ ದಾಖಲಾಗುತ್ತಿತ್ತು, ಅಷ್ಟೇ.

ಮರಡಿಹಳ್ಳಿಯ ದಿಂಬುಗಳು

ಮಾರಿಕಣಿವೆ ಇರುವ ಹಿರಿಯೂರು ತಾಲ್ಲೂಕಿನಲ್ಲೇ, ಐಮಂಗಲದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದ ಹಾಗಿರುವ ಬಂಡೆಗಳಿವೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ಅದು. ನೋಡಿದವರಿಲ್ಲ, ನೋಡಲು ಕಣ್ಣೆಂಬುದೇ ಹುಟ್ಟಿರಲಿಲ್ಲ. ನೀರಿನಡಿ ಎಂದು ಹೇಳುವುದು ಹೇಗೆ? ಬಿಸಿ ಲಾವಾದ ನಾಲಗೆ ನೀರು ತಾಗಿದೊಡನೆ ಹೊರಮೈ ಹೆಪ್ಪುಗಟ್ಟಿ ಗಾಜಿನಂಥ ಸಿಪ್ಪೆಯಾಗುತ್ತದೆ. ಒಳಗಿನ ಒತ್ತಡಕ್ಕೆ ಸಿಪ್ಪೆ ಬಿರಿದು ಹೊಸ ಬುಗುಟು ಹೊರಬರುತ್ತದೆ, ಅದಕ್ಕೂ ಸಿಪ್ಪೆ. ಇದು ಬಹಳ ಕಾಲ ಬಂಡೆಯಿಂದ ಹಿಂದಕ್ಕೆ ಮಾಡಿದ ತರ್ಕವಾಗಿತ್ತು. 1970ರ ದಶಕದಲ್ಲಿ ಹವಾಯಿಯಲ್ಲಿ ಲಾವಾ ಕಡಲಿಗೆ ಇಳಿಯುವಾಗ ಮುಳುಗುಗಾರರು ಪಕ್ಕದಲ್ಲೇ ಈಜುತ್ತ ಅದನ್ನು ಚಿತ್ರೀಕರಿಸಿದರು. ದಿಂಬು ಕಣ್ಣೆದುರೇ ಹುಟ್ಟಿತು.

ಆದರೂ ಬಂಡೆಯ ಪುಸ್ತಕಕ್ಕೆ ಒಂದು ಕೊರತೆಯಿದೆ. ಅದು ನಡೆದದ್ದನ್ನು ಇಟ್ಟುಕೊಳ್ಳುತ್ತದೆ, ನಡೆಯದ್ದನ್ನು ಬರೆಯುವುದಿಲ್ಲ. ಎರಡು ಪದರಗಳ ನಡುವಿನ ಕಾಲದಲ್ಲಿ ಏನೂ ಆಗಲಿಲ್ಲವೋ, ಆದದ್ದು ಕೊಚ್ಚಿಹೋಯಿತೋ, ಎರಡಕ್ಕೂ ಒಂದೇ ಗುರುತು. ಅಲ್ಲಿರುವುದೆಲ್ಲ ಅಡ್ಡಗೆರೆ, ಸೊನ್ನೆ ಒಂದೂ ಇಲ್ಲ. ಹಾಗಾಗಿ ಮರಡಿಹಳ್ಳಿಯ ಲಾವಾ ಎಷ್ಟು ವರ್ಷಕ್ಕೊಮ್ಮೆ ಉಕ್ಕುತ್ತಿತ್ತು ಎಂಬ ಪ್ರಶ್ನೆಯನ್ನು ಭೂವಿಜ್ಞಾನಿಗಳು ಕೇಳುವುದೇ ಅಪರೂಪ. ಯಾವುದರ ಮೇಲೆ ಯಾವುದು ಬಂತು ಎಂದು ಕೇಳುತ್ತಾರೆ. ಅದಕ್ಕೆ ದಿಂಬೇ ಉತ್ತರ ಕೊಡುತ್ತದೆ. ಇನ್ನೂ ಮೆತ್ತಗಿರುವ ದಿಂಬು ಕೆಳಗಿನ ಎರಡು ದಿಂಬುಗಳ ಸಂದಿಗೆ ಜಗ್ಗಿಕೊಳ್ಳುತ್ತದೆ, ಹಾಗಾಗಿ ಉಬ್ಬಿದ ಕಡೆ ಮೇಲು, ಚೂಪಾಗಿ ಇಳಿದ ಬಾಲದ ಕಡೆ ಕೆಳಗು. ಬೆಟ್ಟವೇ ಮಗುಚಿ ಬಿದ್ದಿದ್ದರೂ ಇದನ್ನು ನೋಡಿ ಹೇಳಬಹುದು. ಹೋಗುವವರು ಬೆಳಿಗ್ಗೆ ಬೇಗ ಅಥವಾ ಸಂಜೆ ಹೋಗಿ, ಓರೆ ಬಿಸಿಲಿನಲ್ಲಿ ಸಿಪ್ಪೆಯ ಅಂಚುಗಳು ಎದ್ದು ಕಾಣುತ್ತವೆ; ನೆತ್ತಿಯ ಬಿಸಿಲಿನಲ್ಲಿ ಎಲ್ಲವೂ ಒಂದೇ ಮಾಸಲು ಹಸಿರುಗಪ್ಪು. ಸುತ್ತಿಗೆ ಒಯ್ಯಬೇಡಿ. ಒಂದು ಬಾಟಲಿ ನೀರು ಚಿಮುಕಿಸಿದರೆ ಬಾಲ ಯಾವ ಕಡೆಗಿದೆ ಎಂದು ಚೆನ್ನಾಗಿ ಕಾಣುತ್ತದೆ.